ದಿನಕ್ಕೆ ಅರ್ಧ ಗಂಟೆಯ ಗಿಟಾರು

ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಗಿಟಾರು ಕೊಂಡವರಿಗೇನೂ ಕಡಿಮೆಯಿಲ್ಲ; ನುಡಿಸುವವರು ಮಾತ್ರ ಬೆರಳೆಣಿಕೆಯಷ್ಟು. ದೀಪಾವಳಿಯ ಬೋನಸ್ಸು ಕೈಗೆ ಬಂದ ವಾರ ಧೋಬಿ ತಲಾವಿನ ಕಡೆಯ ವಾದ್ಯದಂಗಡಿಯಿಂದ ಹೆಗಲೇರಿ ಬಂದ ಗಿಟಾರು, ಸಂಕ್ರಾಂತಿಯ ಹೊತ್ತಿಗೆ ಗೋಡೆಯ ಮೊಳೆ ಸೇರಿ, ಯುಗಾದಿಯ ಹೊತ್ತಿಗೆ ಒದ್ದೆ ಟವೆಲು ನೇತುಹಾಕುವ ಗೂಟವಾದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೇಳಿದರೆ ಎಲ್ಲರ ಉತ್ತರವೂ ಒಂದೇ: “ಹೊತ್ತು ಸಿಗುವುದಿಲ್ಲ ಮಾರಾಯರೆ.” ಪಾಳಿಯ ಕೆಲಸ, ಲೋಕಲ್ ಗಾಡಿಯ ನೂಕುನುಗ್ಗಲು, ನಾಲ್ವರು ಮಲಗುವ ಒಂದೇ ಖೋಲಿ, ಸರದಿಯ ಅಡಿಗೆ, ನಲ್ಲಿಯಲ್ಲಿ ನೀರು ಬರುವ ಹೊತ್ತು – ಇವೆಲ್ಲ ನಮಗೂ ಗೊತ್ತಿರುವ ಸಂಗತಿಗಳೇ. ಆದರೆ ಹೊತ್ತು ಸಿಕ್ಕವರೂ ಸೋತದ್ದನ್ನು ಕಂಡ ಮೇಲೆ ಈ ಉತ್ತರದಲ್ಲಿ ನಮಗೆ ಪೂರ್ತಿ ನಂಬಿಕೆ ಉಳಿದಿಲ್ಲ.

ಒಂದು ರಾಜ್ಯೋತ್ಸವದ ಸಂಜೆಯ ಮಾತು. ನಮ್ಮ ಗೆಳೆಯರೊಬ್ಬರು ಭಾವಗೀತೆಯೊಂದಕ್ಕೆ ಗಿಟಾರಿನ ಸಾಥ್ ಕೊಡಲು ಒಪ್ಪಿಕೊಂಡಿದ್ದರು. ಎಂಟು ತಿಂಗಳಿನಿಂದ ತಪ್ಪದೆ ನುಡಿಸಿದವರು, ಸೋಮಾರಿ ಎನ್ನುವಂತಿಲ್ಲ. ಮೊದಲ ಸಾಲು ಚೆನ್ನಾಗಿ ಹೋಯಿತು. ಎರಡನೆಯ ಸಾಲಿನಲ್ಲಿ ಸಿ ಕಾರ್ಡಿನಿಂದ ಎಫ್ ಕಾರ್ಡಿಗೆ ಕೈ ಹೊರಳಬೇಕು. ಬೆರಳು ಕೂಡಲಿಲ್ಲ. ಹಾಡುತ್ತಿದ್ದ ತಂಗಿ ಅರೆಕ್ಷಣ ಕಾದಳು. ತಬಲದವರು ಒಂದು ಆವರ್ತ ಹೆಚ್ಚಿಗೆ ನುಡಿಸಿ ಸಂಭಾಳಿಸಿದರು. ಮತ್ತೆ ಅದೇ ಜಾಗ ಬಂತು, ಮತ್ತೆ ಅದೇ ಗತಿ. ಮೂರನೆಯ ಸಲ ಆತ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ತಲೆ ತಗ್ಗಿಸಿ ಕುಳಿತುಬಿಟ್ಟರು. ಹಾಡು ಗಿಟಾರಿಲ್ಲದೆಯೇ ಮುಗಿಯಿತು. ಯಾರೂ ನಗಲಿಲ್ಲ, ಆದರೂ ಆಮೇಲೆ ನಾಲ್ಕು ವಾರ ಆ ಗೆಳೆಯರು ವಾಚನಾಲಯದ ಕಡೆ ಸುಳಿಯಲಿಲ್ಲ. ಊರು ಬಿಟ್ಟು ಬಂದವನಿಗೆ ಇಂಥ ಒಂದು ಕೋಣೆಯ ಪರಿಚಯ ತಪ್ಪಿಹೋದರೆ ಉಳಿಯುವುದೇನೆಂದು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಒಂದು ಭಾನುವಾರ ನಾವೇ ಅವರ ಖೋಲಿಗೆ ಹೋಗಿ, ಚಹ ಕುಡಿದು, ದಿನವೂ ಹೇಗೆ ಅಭ್ಯಾಸ ಮಾಡುತ್ತೀರಿ, ಮಾಡಿ ತೋರಿಸಿ ಎಂದೆವು. ಹಾಡನ್ನು ಮೊದಲಿನಿಂದ ಹಿಡಿದರು. ಎಫ್ ಬಂದಾಗ ತಡವರಿಸಿ, ಹೇಗೋ ಒತ್ತಿ, ಮುಂದೆ ಹೋದರು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ನಾವು ಲೆಕ್ಕದ ಜನ. ಬಾಯಲ್ಲೇ ಲೆಕ್ಕ ಹಾಕಿದೆವು. ಗಂಟೆಯೊಂದರಲ್ಲಿ ಹಾಡು ಹತ್ತು ಸಲ, ಸಲಕ್ಕೆ ನಾಲ್ಕು ಬಾರಿ ಎಫ್. ಅಂದರೆ ದಿನಕ್ಕೆ ನಲವತ್ತು ಬಾರಿ ಅದೇ ತಡವರಿಕೆ. ಎಂಟು ತಿಂಗಳು ಅವರು ಅಭ್ಯಾಸ ಮಾಡಿದ್ದು ಆ ತಪ್ಪನ್ನೇ! ಕೈಗೆ ಸರಿ ಯಾವುದು ತಪ್ಪು ಯಾವುದು ಎಂಬ ವಿವೇಕವಿಲ್ಲ. ಯಾವುದನ್ನು ಮರಳಿ ಮರಳಿ ಮಾಡುತ್ತೇವೆಯೋ ಅದನ್ನು ಅದು ಕಲಿತುಕೊಳ್ಳುತ್ತದೆ.

ಗಿರಣಿಯ ನೂಲುವ ಖಾತೆಯನ್ನು ಕಂಡವರಿಗೆ ಇದು ಬೇಗ ತಿಳಿದೀತು. ಎಳೆ ಹರಿದಾಗ ಹತ್ತಿಯ ಮೂಟೆ ಬಿಚ್ಚುವ ಜಾಗಕ್ಕೆ ಹೋಗಿ ಯಾರೂ ಮೊದಲಿನಿಂದ ಶುರುಮಾಡುವುದಿಲ್ಲ. ಹರಿದ ಕದಿರಿನ ಹತ್ತಿರ ನಿಂತು ಆ ಎಳೆಯನ್ನು ಕೂಡಿಸುತ್ತಾರೆ. ಅಭ್ಯಾಸದಲ್ಲಿಯೂ ಹಾಗೆಯೇ, ಹರಿದಲ್ಲಿ ನಿಲ್ಲಬೇಕು.

ಆ ಭಾನುವಾರ ನಾವು ಮಾಡಿದ್ದಿಷ್ಟೆ. ಹಾಡನ್ನು ಬದಿಗಿಟ್ಟು ಆ ಎರಡು ಕಾರ್ಡುಗಳನ್ನು ಮಾತ್ರ ಎದುರಿಗಿಟ್ಟುಕೊಂಡೆವು. ವಾಚಕರ ಅನುಕೂಲಕ್ಕಾಗಿ ಒಂದು ಮಾತು: ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ, ವೀಣೆಯವರ ಮೆಟ್ಟಿಲು ಇದೇ. ಎರಡು ಪಟ್ಟಿಗಳ ನಡುವಣ ಜಾಗವನ್ನು ಇಲ್ಲಿ ಮನೆ ಎನ್ನೋಣ. ಬಿರಡೆಗಳ ಕಡೆಯದು ಒಂದನೆಯ ಮನೆ. ತಂತಿಗಳಲ್ಲಿ ಅತಿ ತೆಳ್ಳಗಿನದು ಒಂದನೆಯದು, ಅತಿ ದಪ್ಪನೆಯದು ಆರನೆಯದು.

ಸಿ ಕಾರ್ಡಿನಲ್ಲಿ ತೋರುಬೆರಳು ಎರಡನೆಯ ತಂತಿಯ ಒಂದನೆಯ ಮನೆಯಲ್ಲಿರುತ್ತದೆ. ನಡುಬೆರಳು ನಾಲ್ಕನೆಯ ತಂತಿಯ ಎರಡನೆಯ ಮನೆಯಲ್ಲಿ. ಉಂಗುರದ ಬೆರಳು ಐದನೆಯ ತಂತಿಯ ಮೂರನೆಯ ಮನೆಯಲ್ಲಿ. ಆರೂ ತಂತಿಗಳನ್ನು ತೋರುಬೆರಳಿನಿಂದಲೇ ಅಡ್ಡ ಒತ್ತುವ ದೊಡ್ಡ ಎಫ್ ಆರಂಭದವರಿಗೆ ಬಲು ಕಷ್ಟ. ಅದನ್ನು ಮುಂದಕ್ಕೆ ಬಿಟ್ಟು, ತೆಳ್ಳಗಿನ ನಾಲ್ಕು ತಂತಿಗಳ ಚಿಕ್ಕ ಎಫ್ ಹಿಡಿಯಬೇಕು. ಅದರಲ್ಲಿ ತೋರುಬೆರಳು ಒಂದು ಮತ್ತು ಎರಡನೆಯ ತಂತಿಗಳ ಒಂದನೆಯ ಮನೆಯಲ್ಲಿ ಮಲಗುತ್ತದೆ. ನಡುಬೆರಳು ಮೂರನೆಯ ತಂತಿಯ ಎರಡನೆಯ ಮನೆ. ಉಂಗುರದ ಬೆರಳು ನಾಲ್ಕನೆಯ ತಂತಿಯ ಮೂರನೆಯ ಮನೆ. ದಪ್ಪನೆಯ ಎರಡು ತಂತಿಗಳನ್ನು ಮೀಟಕೂಡದು. ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಯಾವ ಬೆರಳೂ ತನ್ನ ಮನೆ ಬಿಡುವುದಿಲ್ಲ! ನಡುಬೆರಳು, ಉಂಗುರದ ಬೆರಳು ತಲಾ ಒಂದು ತಂತಿ ಕೆಳಕ್ಕೆ ಸರಿದರೆ ಸಾಕು. ತೋರುಬೆರಳು ಇದ್ದಲ್ಲಿಯೇ ತುಸು ಒರಗಿದರೆ ಸಾಕು. ನಮ್ಮ ಗೆಳೆಯರು ಎಂಟು ತಿಂಗಳೂ ಇಡೀ ಕೈಯನ್ನು ಎತ್ತಿ, ಗಾಳಿಯಲ್ಲಿ ಹುಡುಕಾಡಿ, ಮತ್ತೆ ಇಳಿಸುತ್ತಿದ್ದರು. “ಇಷ್ಟೇನಾ?” ಎಂದು ಅವರು ಕೇಳಿದ ದನಿಯಲ್ಲಿ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಿತ್ತು. ನಿಧಾನವಾಗಿ ಮಾಡದಿದ್ದರೆ ಇದು ಕಾಣುವುದೇ ಇಲ್ಲ. ವೇಗದಲ್ಲಿ ಎಲ್ಲ ಮುಚ್ಚಿಹೋಗುತ್ತದೆ.

ಇನ್ನು ಅರ್ಧ ಗಂಟೆಯನ್ನು ಹಂಚಿಕೊಳ್ಳುವ ಬಗೆ. ಅರ್ಧ ಗಂಟೆಯೇ ಏಕೆ, ಭಾನುವಾರ ನಾಲ್ಕು ಗಂಟೆ ಕೂತರಾಗದೆ ಎಂದು ಕೇಳುವವರಿದ್ದಾರೆ. ಆಗದು. 1885ರಲ್ಲಿಯೇ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು, ಒಂದೇ ದಿನ ಒತ್ತಟ್ಟಿಗೆ ಮಾಡಿದ ಪಾಠಕ್ಕಿಂತ ಹಲವು ದಿನಗಳಿಗೆ ಹಂಚಿ ಮಾಡಿದ ಪಾಠ ನೆನಪಿನಲ್ಲಿ ಚೆನ್ನಾಗಿ ನಿಲ್ಲುತ್ತದೆಂದು ಬರೆದಿಟ್ಟರು. 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ದಿನಚರಿಯನ್ನು ಪರಿಶೀಲಿಸಿದರು. ಆ ಬರಹದಿಂದ ಜನ ಹತ್ತು ಸಾವಿರ ಗಂಟೆ ಎಂಬ ಮಾತನ್ನು ಮಾತ್ರ ಹೆಕ್ಕಿಕೊಂಡು ಹೊಸಬರನ್ನು ಹೆದರಿಸುತ್ತಾರೆ. ಉತ್ತಮ ವಾದಕರು ಬಿಡುವು ಕೊಟ್ಟು ಕೊಟ್ಟು, ಗುರಿಯಿಟ್ಟು ಅಭ್ಯಾಸ ಮಾಡುತ್ತಿದ್ದರು, ಹೊಟ್ಟೆ ತುಂಬ ನಿದ್ದೆಯನ್ನೂ ಮಾಡುತ್ತಿದ್ದರು ಎಂಬ ಮಾತೂ ಅದರಲ್ಲೇ ಇದೆ. ಅದನ್ನು ಯಾರೂ ಹೇಳುವುದಿಲ್ಲ. ಅಲ್ಲದೆ, ಹೊಸಬನು ಭಾನುವಾರ ನಾಲ್ಕು ಗಂಟೆ ಉಕ್ಕಿನ ತಂತಿ ಒತ್ತಿದರೆ ಸೋಮವಾರ ಪೆನ್ನು ಹಿಡಿಯುವುದೂ ಕಷ್ಟ. ಇದು ಸ್ವಾನುಭವ.

ಮೊದಲ ನಾಲ್ಕೈದು ನಿಮಿಷ ಶ್ರುತಿಗೆ. ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಇ, ಎ, ಡಿ, ಜಿ, ಬಿ, ಇ ಎಂಬುದು ವಾಡಿಕೆಯ ಶ್ರುತಿ. ಈಗ ಫೋನಿನಲ್ಲಿಯೇ ಶ್ರುತಿ ತೋರಿಸುವ ಸಲಕರಣೆ ದೊರೆಯುತ್ತದೆ, ಬಳಸಬಹುದು. ಆದರೆ ಆರನೆಯ ತಂತಿಯೊಂದನ್ನು ಅದರಿಂದ ಕೂಡಿಸಿಕೊಂಡು, ಉಳಿದವನ್ನು ಕಿವಿಯಿಂದಲೇ ಕೂಡಿಸಲು ಪ್ರಯತ್ನಿಸಬೇಕು. ಆರನೆಯ ತಂತಿಯ ಐದನೆಯ ಮನೆಯ ನಾದವೂ ಬಿಟ್ಟ ಐದನೆಯ ತಂತಿಯ ನಾದವೂ ಒಂದೇ ಆಗಬೇಕು. ಮುಂದೆಯೂ ಇದೇ ಕ್ರಮ. ಮೂರನೆಯದರಿಂದ ಎರಡನೆಯದಕ್ಕೆ ಹೋಗುವಾಗ ಮಾತ್ರ ಐದರ ಬದಲು ನಾಲ್ಕನೆಯ ಮನೆ. ಇದನ್ನು ಮರೆತು ತಂತಿ ಹರಿದುಕೊಂಡವರು ನಮ್ಮಲ್ಲಿಯೇ ಇಬ್ಬರಿದ್ದಾರೆ. ಕೂಡಿಸಿದ ಮೇಲೆ ಫೋನಿನೊಡನೆ ಹೋಲಿಸಿ ನೋಡಿದರೆ ಕಿವಿಯ ಪಾಠವೂ ಆಯಿತು.

ಆಮೇಲಿನ ಹತ್ತು ನಿಮಿಷಗಳ ವಿಷಯವಾಗಿ ನಾವು ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇವೆ. ಪಾಶ್ಚಾತ್ಯ ಪುಸ್ತಕಗಳಲ್ಲಿ ಬೆರಳಿನ ಕಸರತ್ತುಗಳು ನೂರಾರಿವೆ. ಸ್ಪೇನಿನ ಹೆಸರಾಂತ ಗಿಟಾರು ವಾದಕ ಆಂದ್ರೆಸ್ ಸೆಗೋವಿಯಾ 1953ರಲ್ಲಿ ಸ್ವರಶ್ರೇಣಿಗಳದೇ ಒಂದು ಪುಸ್ತಕ ಹೊರತಂದು, ಸಾಧನೆಯಲ್ಲಿ ಅವುಗಳಿಗೆ ಮೊದಲ ಸ್ಥಾನ ಕೊಟ್ಟರು. ಆದರೆ ಕನ್ನಡಿಗರಾದ ನಮಗೆ ಇದೇನು ಹೊಸ ಸುದ್ದಿಯೆ? ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ ಎಂದು ಪಾಠದ ಮೆಟ್ಟಿಲುಗಳನ್ನು ಕಟ್ಟಿಕೊಟ್ಟವರು ಹದಿನಾರನೆಯ ಶತಮಾನದ ನಮ್ಮ ಪುರಂದರದಾಸರೇ ಎಂದು ಪರಂಪರೆ ಹೇಳುತ್ತದೆ. ಮಾಯಾಮಾಳವಗೌಳದಲ್ಲಿ, ಮೂರು ಕಾಲಗಳಲ್ಲಿ, ದಿನವೂ. ಊರಿನಲ್ಲಿ ಅಕ್ಕಪಕ್ಕದ ಮನೆಯ ಹೆಣ್ಣುಮಕ್ಕಳು ಮುಂಜಾನೆ ಇದನ್ನು ಹಾಡುವಾಗ ಹೊದಿಕೆಯನ್ನು ಕಿವಿಯ ಮೇಲೆಳೆದುಕೊಂಡು ಮಲಗಿದವರೇ ನಾವೆಲ್ಲ!

ಅದನ್ನು ಗಿಟಾರಿನ ಮೇಲೆ ಇಳಿಸುವುದು ಬಹಳ ಸುಲಭ. ಹಾರ್ಮೋನಿಯಮ್ಮಿನ ಬಿಳಿ ಒಂದನ್ನು ಷಡ್ಜವಾಗಿ ಹಿಡಿಯೋಣ. ಐದನೆಯ ತಂತಿಯ ಮೂರನೆಯ ಮನೆ ಸ, ನಾಲ್ಕನೆಯ ಮನೆ ರಿ. ನಾಲ್ಕನೆಯ ತಂತಿಯ ಎರಡನೆಯ ಮನೆ ಗ, ಮೂರನೆಯ ಮನೆ ಮ. ಮೂರನೆಯ ತಂತಿಯನ್ನು ಬಿಟ್ಟು ಮೀಟಿದರೆ ಪ, ಅದರ ಒಂದನೆಯ ಮನೆ ದ. ಎರಡನೆಯ ತಂತಿಯನ್ನು ಬಿಟ್ಟು ಮೀಟಿದರೆ ನಿ, ಅದರ ಒಂದನೆಯ ಮನೆ ಮೇಲಿನ ಸ. ಒಂದನೆಯ ಮನೆ ತೋರುಬೆರಳಿಗೆ, ಎರಡನೆಯದು ನಡುಬೆರಳಿಗೆ, ಮೂರನೆಯದು ಉಂಗುರದ ಬೆರಳಿಗೆ, ನಾಲ್ಕನೆಯದು ಕಿರುಬೆರಳಿಗೆ ಎಂದು ಹಂಚಿಕೊಂಡರೆ ಕೈ ಕತ್ತಿನ ಮೇಲೆ ಒಂದಿಂಚೂ ಜರುಗಬೇಕಾಗಿಲ್ಲ, ನಾಲ್ಕು ಬೆರಳಿಗೂ ಕೆಲಸ ಸಿಗುತ್ತದೆ. ಎಲ್ಲರೂ ಹೊಣೆ ತಪ್ಪಿಸಿಡುವ ಕಿರುಬೆರಳಿಗೆ ಎರಡನೆಯ ಸ್ವರದಲ್ಲೇ ಪಾಳಿ ಬರುತ್ತದೆ ನೋಡಿ.

ಬೆರಳನ್ನು ಮನೆಯ ನಡುವೆ ಒತ್ತದೆ, ಮುಂದಿನ ಪಟ್ಟಿಗೆ ತಾಗುವಷ್ಟು ಹತ್ತಿರ ಒತ್ತಬೇಕು. ಅರ್ಧ ಬಲದಲ್ಲಿ ಸ್ವಚ್ಛ ನಾದ ಬರುತ್ತದೆ. ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಡಿ. ಮೇಲ್ಜೆಲ್ ಎಂಬವರು 1815ರಲ್ಲಿ ಪೇಟೆಂಟ್ ಪಡೆದ ಈ ಯಂತ್ರವೂ ಇಂದು ಫೋನಿನಲ್ಲೇ ಸಿಗುತ್ತದೆ. ಮೊದಲ ಕಾಲದಲ್ಲಿ ಟಿಕ್ಕಿಗೊಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮೂರನೆಯ ಕಾಲ ಮುಗ್ಗರಿಸಿದರೆ ನಾಚಿಕೆಪಡದೆ 45ಕ್ಕೋ 50ಕ್ಕೋ ಇಳಿಸಿ ಮತ್ತೆ ಮೊದಲ ಕಾಲದಿಂದ ಹೊರಡಿ. ಮೀಟನ್ನು ಒಮ್ಮೆ ಕೆಳಕ್ಕೆ ಒಮ್ಮೆ ಮೇಲಕ್ಕೆ ಮಾಡಬೇಕು. ಈ ಮೇಲಿನ ಮೀಟು ಎಲ್ಲರಲ್ಲೂ ದುರ್ಬಲ. ಅದಕ್ಕೆ ಜಂಟಿ ವರಸೆಯೇ ಮದ್ದು: ಪ್ರತಿ ಸ್ವರವೂ ಜೋಡಿಯಾಗಿ ಬರುವುದರಿಂದ ಮೊದಲನೆಯದು ಕೆಳಮೀಟು, ಎರಡನೆಯದು ಮೇಲ್ಮೀಟು, ಎರಡೂ ಸಮನಾಗಿ ಕೇಳುವ ತನಕ ಬಿಡಬಾರದು. ದಾಟು ವರಸೆಯಲ್ಲಿ ಸ್ವರ ಬಿಟ್ಟು ಸ್ವರ ಹಾರುವುದರಿಂದ ಬಲಗೈಗೆ ತಂತಿ ದಾಟುವ ಪಾಠವಾಗುತ್ತದೆ. ಇದನ್ನು ನುಡಿಸಿದ ಮಾತ್ರಕ್ಕೆ ಕರ್ನಾಟಕ ಸಂಗೀತ ಬಂತೆಂದು ನಾವು ಹೇಳುತ್ತಿಲ್ಲ. ಪಟ್ಟಿಗಳಿರುವ ಈ ವಾದ್ಯದಲ್ಲಿ ಗಮಕ ಸುಲಭವಾಗಿ ಕೂಡುವುದಿಲ್ಲ, ವಿದ್ವಾಂಸರು ಕ್ಷಮಿಸಬೇಕು. ಬೆರಳಿಗೂ ಕಿವಿಗೂ ಒಟ್ಟಿಗೆ ವ್ಯಾಯಾಮ ಕೊಡುವ ಪಾಠ ಇದಕ್ಕಿಂತ ಅಗ್ಗವಾದುದು ನಮಗೆ ಸಿಕ್ಕಿಲ್ಲ, ಅಷ್ಟೆ.

ಮುಂದಿನ ಹತ್ತು ನಿಮಿಷ ಹರಿದ ಎಳೆಗೆ. ಯಾವ ಹಾಡು ಕಲಿಯುತ್ತಿದ್ದೀರೋ ಅದರಲ್ಲಿ ಕೈ ತಡವರಿಸುವ ಒಂದು ಜಾಗ, ಒಂದೇ ಜಾಗ. ಎರಡು ಕಾರ್ಡುಗಳ ಬದಲಾವಣೆಯಾದರೆ ಗಡಿಯಾರ ನೋಡಿಕೊಂಡು ಒಂದು ನಿಮಿಷದಲ್ಲಿ ಎಷ್ಟು ಸಲ ಸ್ವಚ್ಛವಾಗಿ ಬದಲಾಯಿಸಿದಿರಿ ಎಂದು ಎಣಿಸಿ. ಮೂಕವಾದ ತಂತಿಯೊಂದಿದ್ದರೂ ಆ ಸಲ ಲೆಕ್ಕಕ್ಕಿಲ್ಲ. ಅರ್ಧ ನಿಮಿಷ ಕೈ ಕೊಡವಿ ಮತ್ತೊಂದು ನಿಮಿಷ. ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯಿರಿ. ತಾರೀಖು, ಮೆಟ್ರೊನೋಮಿನ ಅಂಕೆ, ಎಣಿಕೆ, ತಡವರಿಸಿದ ಜಾಗ – ಒಂದು ಸಾಲು ಸಾಕು. ದಿನದಿನಕ್ಕೆ ಏನೂ ಮುಂದುವರಿದಂತೆ ಕಾಣುವುದಿಲ್ಲ. ಮೂರು ವಾರದ ಹಿಂದಿನ ಪುಟ ತಿರುವಿದಾಗಲೇ ಜಮೆ ಕಾಣುವುದು. ಯಾರದೋ ಖಾತೆಯನ್ನು ಇಡೀ ದಿನ ಬರೆಯುವವರು ತಮ್ಮದನ್ನೂ ಒಂದು ಸಾಲು ಬರೆದುಕೊಂಡರೆ ನಷ್ಟವೇನಿಲ್ಲ.

ಉಳಿದ ಐದಾರು ನಿಮಿಷ ಮನಸ್ಸಿಗೆ ಬಂದ ಹಾಡು, ತಪ್ಪಾದರೂ ನಿಲ್ಲಿಸದೆ. ಇದನ್ನು ಬಿಡಕೂಡದು. ಬರಿಯ ಕಸರತ್ತಿಗಾಗಿ ಯಾರೂ ಬೋನಸ್ಸು ಖರ್ಚು ಮಾಡಿರುವುದಿಲ್ಲ.

ಖೋಲಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಿದ್ದರೆ ಏನು ಮಾಡುವುದು? ಈ ಪ್ರಶ್ನೆ ಪ್ರತಿಸಲವೂ ಬರುತ್ತದೆ. ತಂತಿಗಳು ಕೂರುವ ಕುದುರೆಯ ಪಕ್ಕದಲ್ಲಿ, ತಂತಿಗಳ ಅಡಿಗೆ ಕರವಸ್ತ್ರವನ್ನು ಮಡಿಸಿ ತುರುಕಿದರೆ ಗಿಟಾರಿನ ದನಿ ಗೋಡೆಗಡಿಯಾರದಷ್ಟಕ್ಕೆ ಇಳಿಯುತ್ತದೆ; ಬೆರಳಿನ ಪಾಠಕ್ಕೆ ಅದು ಧಾರಾಳ. ಬಲಗೈ ಮುಟ್ಟದೆ ಎಡಗೈಯ ಬದಲಾವಣೆಯನ್ನಷ್ಟೇ ಮೂಕವಾಗಿ ಮಾಡುವುದೂ ಉಂಟು. ಅರ್ಧ ಗಂಟೆ ಒಟ್ಟಿಗೆ ಸಿಗದಿದ್ದರೆ ಬೆಳಿಗ್ಗೆ ನೀರು ತುಂಬುವ ಮುನ್ನ ಹದಿನೈದು, ರಾತ್ರಿ ಊಟದ ಮುನ್ನ ಹದಿನೈದು. ಗಾಡಿಯಲ್ಲಿ ನಿಂತಾಗ ಎಡಗೈ ಬೆರಳುಗಳನ್ನು ಬಲ ಮುಂಗೈಯ ಮೇಲಿಟ್ಟು ಸ್ವರಗಳ ಮನೆಗಳನ್ನು ನೆನೆಸಿಕೊಳ್ಳಬಹುದು; ಎದುರಿನವರು ನಿಮ್ಮನ್ನು ತುರಿಕಸುಬಿನವರೆಂದು ತಿಳಿದರೂ ಚಿಂತೆಯಿಲ್ಲ, ತುಸು ಜಾಗ ಬಿಟ್ಟಾರು! ಎಲ್ಲಕ್ಕಿಂತ ಮುಖ್ಯವಾಗಿ, ಗಿಟಾರನ್ನು ಚೀಲದೊಳಗೆ ಹಾಕಿ ಅಟ್ಟಕ್ಕೇರಿಸಬೇಡಿ. ಕೈಗೆಟಕುವ ಕಡೆ ಇರಲಿ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿ ಒರೆಸಿ. ಮುಂಬಯಿಯ ಸಮುದ್ರದ ಗಾಳಿಗೆ, ಅದರಲ್ಲೂ ಮಳೆಗಾಲದಲ್ಲಿ, ಉಕ್ಕು ಬಲು ಬೇಗ ತುಕ್ಕು ಹಿಡಿಯುತ್ತದೆ.

ನೋವಿನ ವಿಷಯ ಒಂದೆರಡು ಮಾತು. ಬೆರಳ ತುದಿ ಉರಿಯುವುದು ಸಹಜ. ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಆದರೆ ಮಣಿಕಟ್ಟು ನೊಂದರೆ, ಮುಂಗೈ ಸೆಳೆದರೆ, ಬೆರಳು ಜೋಮು ಹಿಡಿದರೆ ಆ ಕ್ಷಣವೇ ನಿಲ್ಲಿಸಬೇಕು. ಮರುದಿನವೂ ಹೋಗದಿದ್ದರೆ ಡಾಕ್ಟರರಿಗೆ ತೋರಿಸಬೇಕು. ದಿನವಿಡೀ ಕೀಲಿಮಣೆ ಒತ್ತುವವರು, ಭಾರ ಎತ್ತುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ಹೊಟ್ಟೆಪಾಡಿರುವುದೂ ಅದೇ ಕೈಗಳಲ್ಲಿ.

“ನನ್ನ ಬೆರಳು ಗಿಡ್ಡ, ಒರಟು, ನನಗಿದು ಬಾರದು” ಎನ್ನುವವರಿಗೆ ಜಾಂಗೋ ರೈನ್‌ಹಾರ್ಟರ ಕಥೆ ತಿಳಿದಿರಲಿ. ಬೆಲ್ಜಿಯಮ್ಮಿನಲ್ಲಿ 1910ರಲ್ಲಿ ಹುಟ್ಟಿದ ಆತ ಅಲೆಮಾರಿ ರೋಮಾ ಜನರವರು. 1928ರಲ್ಲಿ ಅವರು ವಾಸಿಸುತ್ತಿದ್ದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಉಂಗುರದ ಬೆರಳೂ ಕಿರುಬೆರಳೂ ಸೆಟೆದುಹೋದವು. ಗಿಟಾರಿನವರಿಗೆ ಎಡಗೈ ಹೋದರೆ ಉಳಿಯುವುದೇನು? ಆತ ಉಳಿದ ಎರಡು ಬೆರಳುಗಳಿಗೆ ತಕ್ಕಂತೆ ಹೊಸ ದಾರಿ ಹುಡುಕಿ, ಮೊದಲಿನಿಂದ ಕಲಿತರು. 1934ರಲ್ಲಿ ಪ್ಯಾರಿಸಿನಲ್ಲಿ ಪಿಟೀಲಿನ ಸ್ಟೆಫಾನ್ ಗ್ರಾಪೆಲ್ಲಿಯವರೊಡನೆ ಅವರು ಕಟ್ಟಿದ ಐವರ ಮೇಳದ ಧ್ವನಿಮುದ್ರಣಗಳನ್ನು ಇಂದಿಗೂ ಜನ ಕೇಳುತ್ತಾರೆ. ಕೇಳುವಾಗ ಎರಡೇ ಬೆರಳೆಂದು ನಂಬುವುದು ಕಷ್ಟ.

ನಮ್ಮ ಗೆಳೆಯರ ಪುಸ್ತಕವನ್ನು ಮೊನ್ನೆ ಕೇಳಿ ನೋಡಿದೆವು. ಮೊದಲ ದಿನ ನಿಮಿಷಕ್ಕೆ 6. ಎರಡನೆಯ ವಾರ 11. ಮಧ್ಯೆ ಊರಿಗೆ ಹೋಗಿದ್ದ ಐದು ದಿನ ಖಾಲಿ. ಬಂದ ದಿನ 9ಕ್ಕೆ ಇಳಿದಿದೆ, ಪಕ್ಕದಲ್ಲಿ ಒಂದು ಬೈಗುಳ. ಆರನೆಯ ವಾರ 31. ಯುಗಾದಿಯ ಸಂಜೆ ಅದೇ ತಂಗಿ ಅದೇ ಹಾಡು ಹಾಡಿದಳು. ಆ ಜಾಗ ಬಂತು, ಹೋಯಿತು. ಸಭೆಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ತಬಲದವರು ಮಾತ್ರ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದರು.

ವಾಚನಾಲಯದ ಹಿಂದಿನ ಕೋಣೆಯ ಕಪಾಟಿನಲ್ಲಿ ದಾನವಾಗಿ ಬಂದ ಗಿಟಾರೊಂದಿದೆ. ಸ್ವಂತದ್ದು ಇಲ್ಲದವರು ಪತ್ರಿಕೆಗಳನ್ನು ಕಟ್ಟಿಟ್ಟ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತು ಉಪಯೋಗಿಸಬಹುದು, ಹೆಸರನ್ನು ದಾಖಲೆ ಪುಸ್ತಕದಲ್ಲಿ ಬರೆದರೆ ಸಾಕು. ಸದ್ಯಕ್ಕೆ ಅದರ ಒಂದನೆಯ ತಂತಿ ಹರಿದಿದೆ. ಸರಳೆ ವರಸೆಗೆ ಆ ತಂತಿ ಬೇಕಾಗುವುದಿಲ್ಲ.